ಸೊಲ್ಲಾಪುರದ ಗಂಡ

ಯಂಕಂಚಿಯ ಶಂಕ್ರೆವ್ವನ ಗಂಡ ಖಂಡೆಪ್ಪನಿಗೆ ಸೊಲ್ಲಾಪುರದ ಚಾದರ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿದ್ದು ಅವನು ಸತ್ತು ಹನ್ನೊಂದು ವರ್ಷವಾದ ಮೇಲೆ. ನಗಬೇಡಿ. ಕೆಲಸ ಕೊಡಿಸಿದವಳು ಶಂಕ್ರೆವ್ವನೇ. ಕೊಡಿಸಲೇಬೇಕಾದ ವೇಳೆ ಬಂದಿತ್ತು, ಕೊಡಿಸಿದಳು.

ಬದುಕಿದ್ದಾಗ ಖಂಡೆಪ್ಪ ಸಿಂದಗಿಯ ಬೀಜದ ಅಂಗಡಿಯೊಂದರ ಟೆಂಪೊ ಹೊಡೆಯುತ್ತಿದ್ದ. ಮಾತು ಕಡಿಮೆ, ಸಿಳ್ಳೆ ಹೆಚ್ಚು. ಅವನು ಮನೆಗೆ ಬಂದದ್ದು ಸಿಳ್ಳೆಯಿಂದಲೇ ಗೊತ್ತಾಗುತ್ತಿತ್ತು. ಒಂದು ದಿನ ಮನಗೂಳಿಯಲ್ಲಿ ಟೆಂಪೊ ರಿಪೇರಿಗೆ ಬಿಟ್ಟು, ಬಸ್ಸಿಗೆ ಬರೋಣವೆಂದು ಅಲ್ಲಿಯ ಬಸ್‌ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಮೇಲೆ ಕುಂತ. ಕುಂತವನು ಕುಂತಲ್ಲೇ ಹೋದ. ಪಕ್ಕದಲ್ಲಿ ಮಂದಿ ಬಂದರು, ಕುಂತರು, ಎದ್ದು ಹೋದರು. ಪಾಪ, ನಿದ್ದೆ ಹತ್ತಿದೆ ಅಂದುಕೊಂಡರು. ಎರಡು ತಾಸು ಹಾಗೇ ಇದ್ದನಂತೆ. ಚಹಾದವನು ಭುಜ ಮುಟ್ಟಿದಾಗಲೇ ಗೊತ್ತಾದದ್ದು. ಆ ಎರಡು ತಾಸು ಶಂಕ್ರೆವ್ವ ಸಿಂದಗಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ, ಜೊತೆಯವಳ ಯಾವುದೋ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಯಾವ ಮಾತಿಗೆ ನಕ್ಕೆ ಅಂತ ಆಮೇಲೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅಂದಿನಿಂದ ಅವಳು ಮನಗೂಳಿಯಲ್ಲಿ ಬಸ್ ಇಳಿದವಳಲ್ಲ. ಆ ದಾರಿಯಲ್ಲಿ ಹೋಗಲೇಬೇಕಾದರೆ ಕಟ್ಟೆ ಕಾಣದ ಬದಿಯ ಸೀಟು ಹಿಡಿಯುತ್ತಿದ್ದಳು.

ಇದ್ದೊಬ್ಬ ಮಗಳನ್ನು ಅಕ್ಕಲಕೋಟೆಗೆ ಕೊಟ್ಟದ್ದಾಯಿತು. ಅವಳು ವಾರಕ್ಕೊಮ್ಮೆ ಫೋನ್ ಮಾಡಿ, ಉಂಡ್ಯಾ, ಮಲಗಿದ್ಯಾ ಎಂದು ಕೇಳಿ, ಹಿಂದೆ ಕೂಸು ಅತ್ತ ಕೂಡಲೇ ಇಟ್ಟುಬಿಡುತ್ತಾಳೆ. ಬೆಳಗ್ಗೆ ಯಂಕಂಚಿಯಿಂದ ಟಂಟಂ ಆಟೊ ಹತ್ತಿ ಸಿಂದಗಿಗೆ, ಇನ್ನೂರು ರೊಟ್ಟಿ, ಸಂಜೆಗೆ ತಿರುಗಿ ಊರಿಗೆ. ಮನೆಯ ಬೀಗ ತೆಗೆಯುವಾಗ ಒಳಗಿನಿಂದ ಯಾರೂ ‘ಯಾರು?’ ಅನ್ನುವುದಿಲ್ಲ. ಹನ್ನೊಂದು ವರ್ಷ ಅದೊಂದೇ ಅವಳಿಗೆ ರೂಢಿಯಾಗಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಖಾನಾವಳಿಗೆ ಮಹಿಳಾ ಸಂಸ್ಥೆಯ ನಾಲ್ಕು ಮಂದಿ ಊಟಕ್ಕೆ ಬಂದರು. ಅವರಲ್ಲಿ ವಿಜಯಲಕ್ಷ್ಮಿ ಎಂಬವರು ಎತ್ತರದ ಹೆಂಗಸು, ದೊಡ್ಡ ದನಿ. ಹೆರಿಗೆ ಕೋಣೆಯಲ್ಲಿ ಹೆಣ್ಣುಮಗಳು ಒಬ್ಬಳೇ ಇರಬಾರದು, ಕೊನೆಯ ತನಕ ಕೈ ಹಿಡಿದು ಕೂರುವವರು ಬೇಕು, ಅದಕ್ಕೆಂದೇ ಸಿಂದಗಿಯಲ್ಲಿ ‘ಹೆರಿಗೆ ಜೊತೆಗಾತಿ’ ತರಬೇತಿ ಸುರುಮಾಡಿದ್ದೇವೆ ಎಂದು ಮಾಲಕನಿಗೆ ಹೇಳುತ್ತಿದ್ದರು. ಶಂಕ್ರೆವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಬಾಯಾರ, ಸಾಯೋರಿಗೂ ಅಂಥಾ ಕೋರ್ಸ್ ಐತೇನ್ರಿ?”

ವಿಜಯಲಕ್ಷ್ಮಿ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. “ಇಲ್ರಿ. ಹುಟ್ಟೋದಕ್ಕಷ್ಟ ಐತಿ.”

“ಹಂಗಾರ ಅದನ್ನರ ಕಲಸ್ರಿ,” ಅಂದಳು ಶಂಕ್ರೆವ್ವ. ಒಳಗೆ ರೊಟ್ಟಿ ಸುಟ್ಟು ಕರಕಾಗಿತ್ತು. ಮಾಲಕ ಬೈದ. ಬೈಸಿಕೊಂಡಳು.

ಕಿರಾಣಿ ಅಂಗಡಿಯ ಮೇಲಿನ ಹಾಲ್‌ನಲ್ಲಿ ಇಪ್ಪತ್ತೊಂದು ದಿನದ ತರಬೇತಿ. ಹನ್ನೊಂದು ಹೆಂಗಸರು. ಬಟ್ಟೆಯ ಬೊಂಬೆ, ಪ್ಲಾಸ್ಟಿಕ್ಕಿನ ಸೊಂಟದ ಎಲುಬು, ಗೋಡೆ ತುಂಬ ಚಿತ್ರ. ನೋವು ಬಂದಾಗ ಉಸಿರು ಹೇಗೆ ಎಳೆಸಬೇಕು, ಬೆನ್ನ ಕೆಳಗೆ ಅಂಗೈ ಬುಡದಿಂದ ಹೇಗೆ ಒತ್ತಬೇಕು, ಯಾವಾಗ ನಡೆಸಬೇಕು, ಯಾವಾಗ ಸುಮ್ಮನಿರಬೇಕು, ಎಲ್ಲವನ್ನೂ ಇಬ್ಬಿಬ್ಬರು ಜೋಡಿಯಾಗಿ ಕಲಿಯಬೇಕು. ಹನ್ನೊಂದು ಮಂದಿಯಲ್ಲಿ ಐದು ಜೋಡಿಯಾಗಿ ಒಬ್ಬಳು ಉಳಿಯುತ್ತಾಳಲ್ಲ, ಉಳಿದವಳು ಶಂಕ್ರೆವ್ವ. ಸುತ್ತಿಟ್ಟ ಗಾದಿಯೇ ಅವಳ ಬಸುರಿ. ಅದರ ಬೆನ್ನನ್ನೇ ಒತ್ತಿದಳು, “ಉಸರ ತಗೋ ಯವ್ವಾ, ಬಿಡು ಯವ್ವಾ” ಎಂದು ಅದಕ್ಕೇ ಹೇಳಿದಳು. ಉಳಿದವರು ಮುಸಿಮುಸಿ ನಕ್ಕರು. ಆದರೆ ಒಂದು ದಿನ ವಿಜಯಲಕ್ಷ್ಮಿ ತಾವೇ ಬಂದು ಬೆನ್ನು ಕೊಟ್ಟು ಕೂತರು. ಒಂದು ಗಳಿಗೆ ಕಣ್ಣು ಮುಚ್ಚಿ, “ಶಂಕ್ರೆವ್ವಾರ, ರೊಟ್ಟಿ ಬಡದ ಕೈ ಇವು. ಇಷ್ಟ ಬೆಚ್ಚಗಿನ ಕೈ ನಾ ಕಂಡಿಲ್ಲ,” ಅಂದರು. ಆ ದಿನ ಟಂಟಂನಲ್ಲಿ ಶಂಕ್ರೆವ್ವ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಊರಿನ ತನಕ ನೋಡುತ್ತ ಬಂದಳು.

ವಿಜಯಲಕ್ಷ್ಮಿಯವರ ಕಟ್ಟಳೆ ಮೂರೇ. ನರ್ಸಿನ ಕೆಲಸಕ್ಕೆ ಕೈ ಹಾಕಬಾರದು, ಕತ್ತರಿಯನ್ನೂ ಮುಟ್ಟಬಾರದು. ಎರಡನೆಯದು, ಒಮ್ಮೆ ಹಿಡಿದ ಕೈ, ಕೂಸು ಬರುವ ತನಕ ಬಿಡಬಾರದು. ಮೂರನೆಯದನ್ನು ದಿನಾ ಹೇಳುತ್ತಿದ್ದರು: “ಬ್ಯಾನಿ ತಿನ್ನೋ ಹೆಣ್ಣಮಗಳಿಗೆ ಸುಳ್ಳ ಹೇಳಬ್ಯಾಡ್ರಿ. ಆಗಿರದಿದ್ರ ಇನ್ನೇನ ಆತು ಅನಬ್ಯಾಡ್ರಿ. ಒಂದ ಸುಳ್ಳು ಸಿಕ್ಕಿತಂದ್ರ ಆಕಿ ನಿಮ್ಮ ಕೈ ಬಿಡತಾಳ.”

ತರಬೇತಿ ಮುಗಿದ ಮೇಲೆ ಪ್ರಮಾಣಪತ್ರ ಸುಮ್ಮನೆ ಸಿಗುವುದಿಲ್ಲ. ಆರು ಚೌಕ ಇದ್ದ ಒಂದು ಕಾರ್ಡು ಕೊಟ್ಟರು. ಮೂರು ತಿಂಗಳಲ್ಲಿ ಆರು ಹೆರಿಗೆಗೆ ಜೊತೆಯಾಗಬೇಕು, ಪ್ರತಿ ಹೆರಿಗೆಯಾದ ಮೇಲೆ ಬಾಣಂತಿ ಒಂದು ಚೌಕದಲ್ಲಿ ಸಹಿ ಮಾಡಬೇಕು. ಆರನೆಯದಕ್ಕೆ ವಿಜಯಲಕ್ಷ್ಮಿಯವರೇ ಬಂದು ಪಕ್ಕದಲ್ಲಿ ನಿಂತು ನೋಡುತ್ತಾರೆ. ಪ್ರಮಾಣಪತ್ರ ಬಂದವರನ್ನು ಆಸ್ಪತ್ರೆಗಳಿಗೆ ಕಾಯಂ ಜೊತೆಗಾತಿಯಾಗಿ ಹಾಕುತ್ತಾರೆ. ಶಂಕ್ರೆವ್ವನಿಗೆ ಅದು ಬೇಕಿತ್ತು. ಯಾರಾದರೂ ತನ್ನ ದಾರಿ ಕಾಯುವಂಥ ಒಂದು ಜಾಗ ಬೇಕಿತ್ತು, ಅಷ್ಟೇ.

ಮೊದಲು ಹೋದದ್ದು ಬಸವನ ಬಾಗೇವಾಡಿಗೆ. ಆಸ್ಪತ್ರೆಯವರು ಒಳಗೆ ಒಬ್ಬರನ್ನೇ ಬಿಡುತ್ತಾರೆ. ಆ ಒಬ್ಬರು ಯಾರೆಂದು ಮನೆಯವರು ಆರಿಸಬೇಕು. ಮನೆಯವರು ಶಂಕ್ರೆವ್ವನ ಬೋಳು ಹಣೆ ನೋಡಿದರು, ಬರಿ ಕೈ ನೋಡಿದರು. ಒಬ್ಬಳು ಅತ್ತೆ ಮುಖಕ್ಕೇ ಕೇಳಿದಳು: “ಮುತ್ತೈದೇರು ಯಾರೂ ಸಿಗಲಿಲ್ಲೇನ್ರಿ ನಿಮಗ?” ಇನ್ನೊಬ್ಬಳು ಸೊಸೆಯ ಹೊಟ್ಟೆಯ ಮೇಲೆ ಸೆರಗು ಹೊದಿಸಿ ಆಚೆ ಕರೆದುಕೊಂಡು ಹೋದಳು. ನಾಲ್ಕು ದಿನ ಶಂಕ್ರೆವ್ವ ಹೊರಗಿನ ಬೆಂಚಿನ ಮೇಲೆ ಕೂತು ಬಂದಳು. ನಾಲ್ಕು ಹೆರಿಗೆಯಾದವು. ಒಂದಕ್ಕೂ ಅವಳು ಬೇಕಾಗಲಿಲ್ಲ.

ಐದನೆಯ ದಿನ ಇಂಡಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹೊರಗೆ ಅಯೂಬ ಎಂಬವನ ಬಳೆಗಾಡಿ ಇತ್ತು. ಅದರ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲಕ್ಕೆ ನಿಂತಳು.

“ಯಾವ ಬಣ್ಣಕ್ಕಾ?”

“ಹಸರು,” ಅಂದಳು. ತನ್ನ ದನಿ ತನಗೇ ಬೇರೆಯವರ ದನಿ ಅನ್ನಿಸಿತು.

ಅಯೂಬ ಅವಳ ಕೈ ಹಿಡಿದು ಗೆಣ್ಣು ಒತ್ತಿದ. “ಕೈ ಸಡಲ ಬಿಡಕ್ಕಾ. ಬಾಳ ದಿನಾ ಆದಂಗ ಕಾಣತೈತಿ ಬಳಿ ಇಡಸ್ಕೊಂಡು.” ಮುಖ ನೋಡಲಿಲ್ಲ, ಮತ್ತೇನೂ ಕೇಳಲಿಲ್ಲ. ಒಂದೊಂದೇ ಬಳೆ ಏರುವಾಗ ಶಂಕ್ರೆವ್ವನ ಕಣ್ಣು ತುಂಬಿದವು. ಹನ್ನೊಂದು ವರ್ಷದಲ್ಲಿ ಅವಳ ಕೈಯನ್ನು ಇಷ್ಟು ಹೊತ್ತು ಹಿಡಿದವರು ಯಾರೂ ಇರಲಿಲ್ಲ. ಟಿಕಳಿಯ ಪಾಕೀಟು ಕೊಂಡು ಒಂದನ್ನು ಹಣೆಗೆ ಅಂಟಿಸಿ, ಕೊರಳು ಮುಚ್ಚುವಂತೆ ಸೆರಗು ಹೊದ್ದು ಆಸ್ಪತ್ರೆಗೆ ಹೋದಳು.

“ನಿಮ್ಮ ಯಜಮಾನ್ರು ಏನ ಮಾಡತಾರ್ರಿ?” ಎಂದು ಬಸುರಿಯ ಅತ್ತೆ ಕೇಳಿದಾಗ ಮಂಚದ ಮೇಲೆ ಸೊಲ್ಲಾಪುರದ ಚಾದರವೊಂದು ಮಡಚಿಟ್ಟಿತ್ತು.

“ಸೊಲ್ಲಾಪುರದಾಗ ಅದಾರ್ರಿ. ಚಾದರ ಮಿಲ್ಲಿನ್ಯಾಗ ವಾಚ್‌ಮನ್.”

ಹಾಗೆ ಖಂಡೆಪ್ಪನಿಗೆ ಕೆಲಸ ಸಿಕ್ಕಿತು. ಆ ಸಂಜೆ ಶಂಕ್ರೆವ್ವನ ಕಾರ್ಡಿಗೆ ಮೊದಲ ಸಹಿಯೂ ಬಿತ್ತು.

ಮುದ್ದೇಬಿಹಾಳದ ಹೆರಿಗೆಯ ಹೊತ್ತಿಗೆ ಅವನಿಗೆ ಹದಿನೈದು ದಿನಕ್ಕೊಮ್ಮೆ ರಜೆ. ಬಾಗೇವಾಡಿಯಲ್ಲಿ, ಈ ಸಲ ಬೇರೆ ಆಸ್ಪತ್ರೆ, ಅವನಿಗೆ ಬಿಪಿ ಬಂತು. “ಉಪ್ಪ ಕಡಿಮಿ ತಿನ್ರಿ ಅಂದ್ರ ಕೇಳಂಗಿಲ್ರಿ, ಮೆಸ್ಸಿನ್ಯಾಗ ಉಪ್ಪಿನಕಾಯಿ ಹೊಡಿತಾರ,” ಎಂದು ಶಂಕ್ರೆವ್ವ ಬೇಸರ ಮಾಡಿಕೊಂಡಳು. ಮತ್ತೊಮ್ಮೆ ಮುದ್ದೇಬಿಹಾಳ. ಅಲ್ಲಿ ನಿನ್ನೆ ಏನು ಉಂಡ, ಮೊನ್ನೆ ಏನು ಉಂಡ, ಫೋನಿನಲ್ಲಿ ಯಾಕೆ ಸಿಟ್ಟಾದ, ಆಮೇಲೆ ಹೇಗೆ ನಕ್ಕ, ಎಲ್ಲವನ್ನೂ ಹೇಳಿದಳು. ಸತ್ಯ ಹೇಳಬೇಕೆಂದರೆ, ಯಾರೂ ಕೇಳದಿದ್ದರೂ ಹೇಳಿದಳು. ಸಂಜೆ ಮನೆಗೆ ಬಂದರೆ, ನಾಳೆ ಹೇಳಲು ಇವನು ಇವತ್ತು ಏನು ಮಾಡಿರಬಹುದು ಎಂದು ಯೋಚಿಸುತ್ತ ಕೂಡುವಳು. ಯೋಚಿಸುತ್ತ ಒಲೆ ಹಚ್ಚುವಳು. ಪಲ್ಯಕ್ಕೆ ಉಪ್ಪು ಕಡಿಮೆ ಹಾಕುವಳು. ಎಂಥಾ ಹುಚ್ಚಿ ಅನ್ನಿ ಬೇಕಾದರೆ. ಆ ಎರಡು ತಿಂಗಳು ಅವಳ ಮನೆಯ ಬೀಗ ತೆಗೆಯುವುದು ಅಷ್ಟು ಕಷ್ಟವಾಗಲಿಲ್ಲ.

ಕೆಲಸವೂ ಅವಳಿಗೆ ಒಗ್ಗಿತು. ನೋವಿನ ನಡುವೆ ಬಿಡುವು ಸಿಕ್ಕಾಗ ಬಸುರಿಯರಿಂದ ಒಡಪು ಹೇಳಿಸುವುದು ಅವಳದೇ ಉಪಾಯ. ನಮ್ಮ ಕಡೆ ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರಿಟ್ಟು ಹೇಳಬೇಕು. ಮದುವೆಯಲ್ಲಿ, ಬಸುರಿಯ ಕುಬಸದ ಕಾರ್ಯದಲ್ಲಿ, ಕೂಸಿನ ತೊಟ್ಟಿಲಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕಾಡಿ ಹೇಳಿಸುವುದು ಇದನ್ನೇ. “ಹೇಳ ತಂಗಿ, ಒಂದ ಒಡಪ ಹಾಕು,” ಅಂದರೆ ಎಂಥ ನೋವಿನಲ್ಲೂ ಹುಡುಗಿಯರು ನಾಚುತ್ತಿದ್ದರು, ಪ್ರಾಸ ಹುಡುಕುತ್ತಿದ್ದರು. ಅಷ್ಟರಲ್ಲಿ ಮುಂದಿನ ನೋವಿಗೆ ಕಸುವು ಬರುತ್ತಿತ್ತು. ವಿಜಯಲಕ್ಷ್ಮಿಗೆ ಸುದ್ದಿ ತಿಳಿದು, “ಇದನ್ನ ಮುಂದಿನ ಬ್ಯಾಚಿಗೆ ನಾ ಕಲಸ್ತೇನಿ,” ಅಂದಿದ್ದರು. ವಿಧವೆಯನ್ನು ಮಾತ್ರ ಯಾರೂ ಒಡಪು ಕೇಳುವುದಿಲ್ಲ. ಗಂಡನ ಹೆಸರು ಅವಳ ಬಾಯಿಂದ ಅವನೊಂದಿಗೇ ಹೋಗುತ್ತದೆ.

ಐದನೆಯ ಹೆರಿಗೆ ಮತ್ತೆ ಇಂಡಿಯಲ್ಲಿ, ಹತ್ತಿರದ ಸಾಲೋಟಗಿ ಊರಿನ ಮನೆತನದ್ದು. ಕೂಸಿನ ಮುತ್ತಜ್ಜಿ ಅವಳನ್ನು ತೊಟ್ಟಿಲಿಗೆ ಕರೆಸಿ, ಮಣೆಯ ಮೇಲೆ ಕೂರಿಸಿ, ಅಕ್ಕಿ, ಉತ್ತತ್ತಿ, ಕುಬಸದ ಬಟ್ಟೆ ಇಟ್ಟು ಉಡಿ ತುಂಬಿದಳು. ಸುತ್ತಲಿನ ಹೆಂಗಸರು ಬಿಡಲಿಲ್ಲ. “ಹೆಸರ ಹೇಳ್ರಿ, ಹೇಳೂತನಕ ಏಳಾಕ ಬಿಡಂಗಿಲ್ಲ!” ಶಂಕ್ರೆವ್ವ ಉಡಿ ಹಿಡಿದುಕೊಂಡು ಹೇಳಿದಳು:

“ಇಂಡಿಯ ನಿಂಬಿಹಣ್ಣು, ಸೊಲ್ಲಾಪುರದ ಚಾದರ,
ಖಂಡೆಪ್ಪನವರು ಬಂದ್ರ ಮನಿಗೆ ಮನಿತುಂಬ ಸಡಗರ.”

ಹೆಂಗಸರು ಹೋ ಎಂದು ನಕ್ಕರು. ಶಂಕ್ರೆವ್ವನೂ ನಕ್ಕಳು. ಬಸ್ಸಿನಲ್ಲಿ ಉಡಿಯ ಅಕ್ಕಿಯನ್ನು ಬೆರಳಿಂದ ಆಡಿಸುತ್ತ, ಆ ಹೆಸರನ್ನು ಬಾಯೊಳಗೇ ಮತ್ತೆ ಮತ್ತೆ ಹೇಳಿಕೊಂಡಳು. ಇನ್ನೊಂದೇ ಸಹಿ ಬಾಕಿ.

ಆರನೆಯವಳು ಸುನಂದಾ, ಬಾಗೇವಾಡಿ ಹತ್ತಿರದ ಹಳ್ಳಿಯವಳು. ಇಪ್ಪತ್ತೆರಡರ ಹುಡುಗಿ, ಚೊಚ್ಚಲು. ತಾಯಿ ಇಂದ್ರಾಬಾಯಿ ಶಂಕ್ರೆವ್ವನ ಹಣೆ, ಕೈ ನೋಡಿ ಸಮಾಧಾನದ ಉಸಿರು ಬಿಟ್ಟಳು. “ನೀವ ಒಳಗ ಹೋಗ್ರಿ ಯಕ್ಕಾ. ನಾ ಬಂದ್ರ ಅಳತೇನಿ.” ಅಳಿಯ ಎಲ್ಲಿ ಎಂದರೆ, ಪುಣೆಯಲ್ಲಿದ್ದಾನೆ, ಬರುತ್ತಾನೆ ಅಂದಳು. ಹೇಳುವಾಗ ಕಣ್ಣು ಬೇರೆ ಕಡೆಗಿದ್ದವು. ಶಂಕ್ರೆವ್ವ ಅದನ್ನು ಗಮನಿಸಲಿಲ್ಲ. ಗಮನಿಸಬೇಕಿತ್ತು. ದೂರದ ಊರಿನಲ್ಲಿರುವ ಗಂಡಂದಿರ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಬೆಳಗ್ಗೆ ಏಳಕ್ಕೆ ಒಳಗೆ ಹೋದರು. ವಿಜಯಲಕ್ಷ್ಮಿ ಡಾಕ್ಟರ ಒಪ್ಪಿಗೆ ಪಡೆದು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ವಹಿ ಹಿಡಿದು ಕೂತರು. ಹತ್ತರ ತನಕ ಎಲ್ಲ ಸರಿಯಿತ್ತು. ಆಮೇಲೆ ಯಾಕೋ ಹುಡುಗಿ ಬಿಗಿಯಾದಳು. ನೋವು ಬಂದರೆ ಹಲ್ಲು ಕಚ್ಚುವಳು, ತೊಡೆ ಬಿಗಿ ಹಿಡಿಯುವಳು. ಮಧ್ಯಾಹ್ನ ಒಂದಾಯಿತು. ನರ್ಸ್ ನೋಡಿ, “ಮುಂದ ಹೊಂಟಿಲ್ಲ,” ಅಂದಳು. ಡಾಕ್ಟರು ಬಂದು, ಇನ್ನೊಂದು ತಾಸು ನೋಡೋಣ, ಇಲ್ಲದಿದ್ದರೆ ವಿಜಯಪುರಕ್ಕೆ ಕಳಿಸೋಣ ಎಂದು ಹೋದರು.

ಶಂಕ್ರೆವ್ವ ಬೆನ್ನು ಒತ್ತಿದಳು, ಹಣೆ ಒರೆಸಿದಳು. ಬಿಡುವು ಬಂದಾಗ ರೂಢಿಯ ಮಾತು ಬಾಯಿಗೆ ಬಂತು. “ತಂಗಿ, ಒಂದ ಒಡಪ ಹಾಕು ನೋಡೂಣು. ಪುಣೆದಾಗಿನ ಅಂವನ ಹೆಸರ ಹೇಳು.”

ಸುನಂದಾ ಅವಳನ್ನೇ ದಿಟ್ಟಿಸಿದಳು. ಆಮೇಲೆ ಕೈ ಕಿತ್ತುಕೊಂಡಳು.

“ಸತ್ತಾನ ಅಂವ! ಐದ ತಿಂಗಳಾತು ಸತ್ತು!” ಕೋಣೆಯೆಲ್ಲ ನಡುಗುವಂತೆ ಕೂಗಿದಳು. “ಕೂಸು ಹುಟ್ಟೂತನಕ ಬಳಿ ಇರಲಿ ಅಂದಾರ ನಮ್ಮ ಹಿರ್ಯಾರು. ಹುಟ್ಟಿದ ಹದಿಮೂರನೇ ದಿನಕ್ಕ ತಗೀತಾರ. ಇದು ಹೊರಗ ಬರೂದ ಬ್ಯಾಡ ನನಗ! ಒಳಗ ಇರ್ಲಿ!”

ಶಂಕ್ರೆವ್ವ ಮತ್ತೆ ಕೈ ಚಾಚಿದಳು. ಹುಡುಗಿ ತಳ್ಳಿದಳು. “ಮುಟ್ಟಬ್ಯಾಡ. ನೀ ಮುತ್ತೈದಿ. ಕೈತುಂಬ ಬಳಿ ಇಟ್ಕೊಂಡ ಬಂದೀ. ನಿನಗೇನ ತಿಳಿತೈತಿ? ಹೊರಗ ಹೋಗು!”

ಕಿಟಕಿಯ ಪಕ್ಕ ವಿಜಯಲಕ್ಷ್ಮಿ ಎದ್ದು ನಿಂತಿದ್ದರು. ಶಂಕ್ರೆವ್ವ ಅವರನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡು ಹೊರಗೆ ಹೋದರೆ ಈ ಒಂದು ಹೆರಿಗೆ ಹೋಗುತ್ತದೆ, ಐದು ಉಳಿಯುತ್ತವೆ, ಏಳನೆಯದು ಎಲ್ಲಾದರೂ ಸಿಗುತ್ತದೆ. ಬಾಯಿ ತೆರೆದರೆ ಎಲ್ಲವೂ ಹೋಗುತ್ತದೆ. ಖಂಡೆಪ್ಪನೂ ಹೋಗುತ್ತಾನೆ. ಮುಂದಿನ ನೋವು ಬರುವುದು ಹುಡುಗಿಯ ಮುಖದಲ್ಲಿ ಕಾಣುತ್ತಿತ್ತು.

ಶಂಕ್ರೆವ್ವ ಹಣೆಯ ಟಿಕಳಿ ಕಿತ್ತು ಗೋಡೆಗೆ ಅಂಟಿಸಿದಳು. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು. ಬರಿ ಕೈ ಹುಡುಗಿಯ ಮುಂದೆ ಹಿಡಿದಳು.

“ಸುಳ್ಳು ಬಳಿ ಇವು, ತಂಗಿ. ನನ್ನ ಗಂಡ ಹೋಗಿ ಹನ್ನೊಂದ ವರ್ಷಾತು. ಎಲ್ಲಾರಿಗೂ ಸುಳ್ಳ ಹೇಳೀನಿ. ಇದ ಕಾರ್ಡಿಗೆ ಐದ ಮಂದಿ ಸಹಿ ಮಾಡ್ಯಾರ, ಐದೂ ಮಂದಿಗೆ ಹೇಳೀನಿ. ನಿಮ್ಮವ್ವಗೂ ಹೇಳೀನಿ.”

ವಿಜಯಲಕ್ಷ್ಮಿಯ ಕೈಯ ವಹಿ ಮುಚ್ಚಿದ ಸಪ್ಪಳವಾಯಿತು. ಸುನಂದಾ ಆ ಬರಿ ಕೈಯನ್ನೂ ಗೋಡೆಯ ಟಿಕಳಿಯನ್ನೂ ನೋಡಿದಳು. ಆಮೇಲೆ, ನಂಬದವರಂತೆ, “ಹಂಗಾರ ಹೆಸರ ಹೇಳು ಅಂವಂದು,” ಅಂದಳು.

ಶಂಕ್ರೆವ್ವನಿಗೆ ಪ್ರಾಸ ಹುಡುಕಬೇಕಾಗಲಿಲ್ಲ. ಹನ್ನೊಂದು ವರ್ಷದಿಂದ ಅಲ್ಲೇ ಕೂತಿತ್ತು.

“ಮನಗೂಳಿ ಬಸ್‌ಸ್ಟ್ಯಾಂಡಿನ್ಯಾಗ ಐತಿ ಒಂದ ಕಲ್ಲಿನ ಕಟ್ಟಿ,
ಖಂಡೆಪ್ಪ ಅಲ್ಲಿ ಒಬ್ಬನ ಹೋದ, ನಾ ಬಡಿಯಾಕತ್ತಿದ್ದೆ ರೊಟ್ಟಿ.”

ಯಾರೂ ನಗಲಿಲ್ಲ. ನೋವು ಬಂತು. ಸುನಂದಾ ಕೈ ಚಾಚಿ ಆ ಬರಿ ಮಣಿಕಟ್ಟನ್ನು ಹಿಡಿದಳು, ಉಗುರು ನಟ್ಟು ರಕ್ತ ಬರುವಷ್ಟು ಗಟ್ಟಿಯಾಗಿ.

“ಬಳಿ ತಗದ ಮ್ಯಾಲ ಏನಾಗತೈತಿ ಯಕ್ಕಾ?”

“ಕೈ ಇರತಾವ,” ಅಂದಳು ಶಂಕ್ರೆವ್ವ. “ನಂದೂ ಅದಾವ, ನೋಡು. ನೀನ ಹಿಡ್ಕೊಂಡೀ. ಉಸರ ತಗೋ. ಈಗ ಅಂವನ ಹೆಸರ ಹೇಳು. ಒಡಪ ಬ್ಯಾಡ ಏನ ಬ್ಯಾಡ. ಬರೇ ಹೆಸರು. ಜೋರಲೆ ಹೇಳು.”

ಅನೀಲಕುಮಾರ ಎಂಬ ಹೆಸರು ಆ ಕೋಣೆಯಲ್ಲಿ ಅಂದು ಅದೆಷ್ಟು ಸಲ ಕೇಳಿಸಿತೋ. ಪ್ರತಿ ನೋವಿಗೊಮ್ಮೆ ಆ ಹುಡುಗಿ ಗಂಟಲು ಹರಿಯುವಂತೆ ಕೂಗಿದಳು, ಪ್ರತಿ ಕೂಗಿಗೊಮ್ಮೆ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಳು. ಹೊರಗೆ ಬೆಂಚಿನ ಮೇಲೆ ಇಂದ್ರಾಬಾಯಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳಂತೆ. ಮೂರೂವರೆಗೆ ಹೆಣ್ಣು ಕೂಸು ಬಂತು. ವಿಜಯಪುರಕ್ಕೆ ಹೋಗಬೇಕಾಗಲಿಲ್ಲ.

ಸಂಜೆ ನಲ್ಲಿಯ ಕಟ್ಟೆಯ ಹತ್ತಿರ ವಿಜಯಲಕ್ಷ್ಮಿ ಸಿಕ್ಕರು. ಅವರ ದೊಡ್ಡ ದನಿ ಆಗ ಇರಲಿಲ್ಲ.

“ನಿಮ್ಮ ಟಿಕಳಿ ನೋಡಿ ನಾ ಏನೂ ಅಂದಿರಲಿಲ್ಲ, ಶಂಕ್ರೆವ್ವಾರ. ಹಚ್ಕೋಳೂದು ಬಿಡೂದು ನಿಮ್ಮ ಖುಷಿ. ಆದ್ರ ಸುಳ್ಳ ಹೇಳಿ ಕೈ ಹಿಡದೀರಿ. ಅದೊಂದ ಮಾಡಬ್ಯಾಡ್ರಿ ಅಂತ ದಿನಾ ಬಡ್ಕೊಂಡೆ.”

“ಹೌದ್ರಿ.”

“ಇವತ್ತ ನೀವು ಮಾಡಿದ್ದನ್ನ ನಾ ಇಪ್ಪತ್ತ ವರ್ಷದಾಗ ಕಂಡಿಲ್ಲ. ಆದ್ರೂ ಆ ಐದ ಸಹಿ ನಾ ಹಿಡಿಯಂಗಿಲ್ಲ.” ಅವರು ಚೀಲದಿಂದ ಹೊಸ ಕಾರ್ಡು ತೆಗೆದರು. “ಇದರಾಗ ಸುನಂದಾನ ಸಹಿ ಮೊದಲನೇದು. ಐದೂ ಮನಿಗೆ ಹೋಗ್ರಿ, ಖರೆ ಹೇಳ್ರಿ. ಖರೆ ಕೇಳಿ ಸಹಿ ಮಾಡಿದ್ರ ಅದನ್ನ ತಗೋತೇನಿ. ಮಾಡದಿದ್ರ ಹೊಸ ಹೆರಿಗಿ ಹುಡುಕ್ರಿ. ಇನ್ನ ತಿಂಗಳೊಪ್ಪತ್ತು ಐತಿ.”

ಸುನಂದಾ ಮಲಗಿದಲ್ಲೇ ಸಹಿ ಮಾಡಿದಳು. ಪೆನ್ನು ತಿರುಗಿ ಕೊಡುವಾಗ ಕೇಳಿದಳು: “ನಾ ಫೋನ್ ಮಾಡಿದ್ರ ಎತ್ತತೀ?” “ಎತ್ತತೇನಿ,” ಅಂದಳು ಶಂಕ್ರೆವ್ವ. ಇಂದ್ರಾಬಾಯಿ ಅವಳ ಮುಖ ನೋಡದೆ ಕೂಸಿನ ಬಟ್ಟೆ ಸರಿಮಾಡುತ್ತ ಕೂತಿದ್ದಳು.

ಆ ಸಂಜೆ ಯಂಕಂಚಿಯಲ್ಲಿ ಬೀಗ ತೆಗೆದು ಒಲೆ ಹಚ್ಚಿ, ರೂಢಿಯಂತೆ, ಇವನು ಇವತ್ತು ಏನು ಉಂಡಿರಬಹುದು ಎಂದು ಯೋಚಿಸಲು ಹೋದಳು. ಏನೂ ತೋಚಲಿಲ್ಲ. ಉಪ್ಪಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಹನ್ನೊಂದು ವರ್ಷದ ಹಿಂದೆ ಊರ ಮಂದಿಯೆಲ್ಲ ಸುತ್ತ ಕೂತಿದ್ದಾಗ ಕೂಡ ಇಷ್ಟು ಅತ್ತಿರಲಿಲ್ಲ. ಈಗ ಸುತ್ತ ಯಾರೂ ಇರಲಿಲ್ಲ.

ಮರುದಿನದಿಂದ ಬೋಳು ಹಣೆಯಲ್ಲಿ ಮನೆ ಮನೆಗೆ ಹೋದಳು. ಇಂಡಿಯ ಅತ್ತೆ, “ಕೂಸಿಗೆ ಎಂಟ ದಿನಾ ಜ್ವರ ಬಂದಿತ್ತು, ಈಗ ತಿಳೀತು ಯಾಕಂತ,” ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಸಾಲೋಟಗಿಗೆ ಉಡಿಯ ಬಟ್ಟೆ, ಅಕ್ಕಿ ಎಲ್ಲ ಗಂಟು ಕಟ್ಟಿಕೊಂಡು ಹೋಗಿದ್ದಳು. ಮುತ್ತಜ್ಜಿ ಗಂಟನ್ನು ಮುಟ್ಟಲಿಲ್ಲ. “ತುಂಬಿದ ಉಡಿ ಹಿಂದಕ ತಗೋಳಾಕ ಬರಂಗಿಲ್ಲವಾ. ಇಟ್ಕೋ. ಸಹಿ ಒಂದ ಕೇಳಬ್ಯಾಡ,” ಎಂದು ಬಾಗಿಲು ಮುಂದೆ ಮಾಡಿದಳು. ಹಿಂದೆ ನಿಂತಿದ್ದ ಬಾಣಂತಿ ತಲೆ ತಗ್ಗಿಸಿದಳು. ಮುದ್ದೇಬಿಹಾಳದ ಮೊದಲ ಮನೆಯವಳು ನೀರು ಕೂಡ ಕೇಳದೆ ಸಹಿ ಮಾಡಿ ಕಳಿಸಿದಳು. ಎರಡನೆಯ ಮನೆಯವಳು ಮಾತ್ರ ಚಹಾ ಕೊಟ್ಟು, ನಕ್ಕು, ಸಹಿ ಮಾಡಿದಳು. “ನನಗ ಅವತ್ತ ಸಂಶೆ ಬಂದಿತ್ತ ಬಿಡ ಯಕ್ಕಾ. ದಿನಾ ಏನ ಉಂಡೆ ಅಂತ ಫೋನಿನ್ಯಾಗ ಹೇಳೋ ಗಂಡ ಯಾರ ಮನ್ಯಾಗ ಅದಾನ?”

ನಾಲ್ಕು ಮನೆಯಲ್ಲಿ ನಾಲ್ಕು ಸಲ ಖಂಡೆಪ್ಪ ಸತ್ತ. ಪ್ರತಿ ಸಲವೂ ಅವಳೇ ಬಾಯಿಬಿಟ್ಟು ಹೇಳಬೇಕಾಯಿತು.

ಐದನೆಯದು ಬಾಗೇವಾಡಿಯ ಮನೆ. ಅಲ್ಲಿ ಬೀಗ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾರೆ, ಯುಗಾದಿಗೆ ಬಂದರೆ ಬಂದರು ಎಂದಳು ನೆರೆಯವಳು. ಶಂಕ್ರೆವ್ವ ಆ ಬೀಗವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆ ಒಂದು ಮನೆಯವರ ಪಾಲಿಗೆ ಖಂಡೆಪ್ಪ ಇನ್ನೂ ಸೊಲ್ಲಾಪುರದಲ್ಲಿದ್ದ, ಉಪ್ಪಿನಕಾಯಿ ತಿನ್ನುತ್ತಿದ್ದ.

ಕಾರ್ಡಿನಲ್ಲಿ ಮೂರು ಸಹಿ, ಮೂರು ಖಾಲಿ, ಉಳಿದದ್ದು ಹದಿನೆಂಟು ದಿನ. ಬೋಳು ಹಣೆಯವಳ ಕೈ ಯಾರು ಹಿಡಿಯುತ್ತಾರೋ ದೇವರಿಗೇ ಗೊತ್ತು. ತಿರುಗಿ ಬರುವಾಗ ಬಸ್ಸು ಮನಗೂಳಿಯಲ್ಲಿ ನಿಂತಿತು. ಸಿಂದಗಿಗೆ ಇಲ್ಲೇ ಬಸ್ ಬದಲಿಸಿದರೆ ಬೇಗ. ಹನ್ನೊಂದು ವರ್ಷ ಸುತ್ತು ಹೊಡೆದು ಹೋದವಳು, ಇವತ್ತು ಇಳಿದಳು. ಎಲ್ಲ ಕಡೆ ಹೇಳಿ ಬಂದಾಗಿತ್ತು, ಇಲ್ಲಿಗಷ್ಟೇ ಬಂದಿರಲಿಲ್ಲ. ಕಲ್ಲಿನ ಕಟ್ಟೆ ಅಲ್ಲೇ ಇತ್ತು. ಆಚೆ ತುದಿಯಲ್ಲಿ ಒಬ್ಬ ಮುದುಕ ಗದ್ದ ಎದೆಗಿಟ್ಟು ಕೂತಿದ್ದ. ಶಂಕ್ರೆವ್ವ ಈಚೆ ತುದಿಗೆ ಕೂತಳು. ಕಲ್ಲು ಬಿಸಿಲಿಗೆ ಕಾದಿತ್ತು.

ಫೋನ್ ಬಂತು. ಸುನಂದಾಳ ಕೂಸಿಗೆ ಇವತ್ತಿಗೆ ಹದಿಮೂರು ದಿನ.

“ಯಕ್ಕಾ... ತಗದ್ರು.”

“ಕುಂತೀಯೇನು?”

“ಕುಂತೀನಿ. ಕೂಸು ತೊಡಿ ಮ್ಯಾಲೈತಿ. ಎಲ್ಲಾರೂ ಹೊರಗ ಅದಾರ.” ಮೂಗು ಒರೆಸಿಕೊಂಡ ಸಪ್ಪಳ. “ಹಿಂಗ ಎಷ್ಟ ದಿನ ಇರತೈತಿ ಯಕ್ಕಾ ಇದು?”

ಕಡಿಮೆಯಾಗುತ್ತದೆ ಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶಂಕ್ರೆವ್ವ ನುಂಗಿಕೊಂಡಳು. “ಗೊತ್ತಿಲ್ಲ ತಂಗಿ. ನನಗ ಹನ್ನೊಂದ ವರ್ಷಾತು, ಇನ್ನೂ ಗೊತ್ತಾಗಿಲ್ಲ.”

“ಫೋನ್ ಇಡಬ್ಯಾಡ.”

“ಇಡಂಗಿಲ್ಲ. ಉಸರ ತಗೋ. ನಾನೂ ತಗೋತೇನಿ. ಬಿಡು ಈಗ.”

ಆ ಕಡೆಯ ಉಸಿರು ಕಿವಿಯಲ್ಲಿ ಬರುತ್ತ ಹೋಗುತ್ತ ಇತ್ತು. ಶಂಕ್ರೆವ್ವನ ಕಣ್ಣು ಆಚೆ ತುದಿಯ ಮುದುಕನ ಮೇಲೆ ಬಿತ್ತು. ಅವನು ಅಲ್ಲಾಡಿರಲಿಲ್ಲ. ಫೋನ್ ಕಿವಿಯಿಂದ ತೆಗೆಯದೆಯೇ ಕಟ್ಟೆಯ ಮೇಲೆ ಸರಿದು ಸರಿದು ಹೋಗಿ, ಅವನ ಭುಜ ಮುಟ್ಟಿದಳು.

ಮುದುಕ ಬೆಚ್ಚಿ ಕಣ್ಣು ಬಿಟ್ಟ. “ಏನವಾ?”

“ಏನಿಲ್ಲಜ್ಜಾ. ಅದೀರೋ ಇಲ್ಲೋ ನೋಡಿದೆ.”

“ಅದೇನಿ,” ಎಂದು ಮುದುಕ ಸಿಡುಕಿ ಮತ್ತೆ ಕಣ್ಣು ಮುಚ್ಚಿದ.

ಸಿಂದಗಿ ಬಸ್ಸು ಬಂತು. ಕಂಡಕ್ಟರ್ ಕೂಗಿದ. ಶಂಕ್ರೆವ್ವ ಏಳಲಿಲ್ಲ. “ತಗೋ,” ಅಂದಳು ಫೋನಿಗೆ, “ಇನ್ನೊಂದ ಉಸರ ತಗೋ.”